ಒಂದು ಪಾಯಿಂಟ್ ಮೂರು ಗ್ರಾಂ

ಶಾಲೆಯಲ್ಲಿ ನನಗೆ ಪಾಯಿಂಟ್ ಮೇಡಂ ಎಂದು ಹೆಸರು. ಅದು ಬೆನ್ನ ಹಿಂದಿನ ಹೆಸರು, ಎದುರಿಗೆ ಬರೀ ಮೇಡಂ. ಲೆಕ್ಕದಲ್ಲಿ ದಶಾಂಶದ ಚುಕ್ಕೆ ಒಂದು ಮನೆ ಆಚೀಚೆ ಆದರೂ ಸಾಕು, ಅರ್ಧ ಅಂಕ ಕಿತ್ತುಕೊಳ್ಳುತ್ತಿದ್ದೆ. ಮಕ್ಕಳು ಎಷ್ಟು ಗೋಗರೆದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. "ಹೋಗ್ಲಿ ಬಿಡಿ ಮೇಡಂ, ಚೂರು ತಾನೇ" ಎಂದು ಯಾರಾದರೂ ಅಂದರೆ ಮೈಯೆಲ್ಲ ಉರಿಯುತ್ತಿತ್ತು. ರಸಾಯನಶಾಸ್ತ್ರದಲ್ಲಿ ಚೂರು ಅನ್ನುವ ಅಳತೆ ಇಲ್ಲ ಎಂದು ಹತ್ತೊಂಬತ್ತು ವರ್ಷ ಹೇಳಿಕೊಂಡು ಬಂದವಳು ನಾನು. ಹೇಳಿದ್ದು ಸುಳ್ಳಲ್ಲ. ಅದು ಎಷ್ಟು ನಿಜ ಎಂದು ನನಗೇ ಗೊತ್ತಿರಲಿಲ್ಲ.

ಒಂಬತ್ತನೇ ತರಗತಿಗೆ ಮೋಲ್ ಪಾಠ ಬಂದಾಗ ನನ್ನದೊಂದು ಪದ್ಧತಿ ಇತ್ತು. ಪ್ರತಿಯೊಬ್ಬರೂ ಮನೆಯಿಂದ ಒಂದು ಮೂಲವಸ್ತು ತರಬೇಕು. ತಂದದ್ದನ್ನು ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಬೇಕು. ಬಂದ ತೂಕವನ್ನು ಆ ಮೂಲವಸ್ತುವಿನ ಪರಮಾಣು ರಾಶಿಯಿಂದ ಭಾಗಿಸಿ, ಆಮೇಲೆ 6.022 × 10²³ ಎಂಬ ಸಂಖ್ಯೆಯಿಂದ ಗುಣಿಸಬೇಕು. ಕೈಯಲ್ಲಿರುವ ತುಂಡಿನಲ್ಲಿ ಎಷ್ಟು ಪರಮಾಣುಗಳಿವೆ ಎಂಬ ಉತ್ತರ ಬರುತ್ತದೆ. ಪುಸ್ತಕದ ಲೆಕ್ಕ ಮಾಡುವಾಗ ಆಕಳಿಸುವ ಮಕ್ಕಳು ತಾವೇ ತಂದ ಮೊಳೆಯ ಲೆಕ್ಕ ಮಾಡುವಾಗ ಕಣ್ಣರಳಿಸುತ್ತಿದ್ದರು. ಒಬ್ಬ ಹಿತ್ತಾಳೆಯ ನಲ್ಲಿ ತಂದಿದ್ದ. "ಇದು ಮೂಲವಸ್ತು ಅಲ್ಲಪ್ಪ, ಇದು ಸಂಸಾರ. ತಾಮ್ರ ಸತು ಎರಡೂ ಸೇರಿ ಮನೆ ಮಾಡಿವೆ" ಎಂದು ವಾಪಸ್ ಕಳಿಸಿದೆ. ಇನ್ನೊಬ್ಬಳು ತುಕ್ಕು ಹಿಡಿದ ಕಬ್ಬಿಣ ತಂದಾಗ "ಈ ತುಕ್ಕಿನ ತೂಕ ಯಾರ ತಲೆಗೆ ಕಟ್ಟಲಿ" ಎಂದಿದ್ದೆ. ತರಗತಿ ನಗುತ್ತಿತ್ತು, ನನಗೂ ಅದು ಇಷ್ಟವಾಗುತ್ತಿತ್ತು.

ಪ್ರಯೋಗಾಲಯದ ಕಿಟಕಿಯ ಪಕ್ಕ ಗಾಜಿನ ಬಾಗಿಲಿನ ಒಂದು ಅಲಮಾರು ಇದೆ. ಅದರಲ್ಲಿ ಸಾಲಾಗಿ ಬಾಟಲಿಗಳು. ಒಂದೊಂದರಲ್ಲೂ ಒಂದು ಮೂಲವಸ್ತುವಿನ ಸರಿಯಾಗಿ ಒಂದು ಮೋಲ್, ಅಂದರೆ ಅದರ ಪರಮಾಣು ರಾಶಿ ಎಷ್ಟೋ ಅಷ್ಟೇ ಗ್ರಾಂ. ಇಪ್ಪತ್ತೇಳು ಗ್ರಾಂ ಅಲ್ಯೂಮಿನಿಯಂ, ಮೂವತ್ತೆರಡು ಗ್ರಾಂ ಗಂಧಕ, ಅರವತ್ತಮೂರೂವರೆ ಗ್ರಾಂ ತಾಮ್ರದ ತಂತಿ. ತೂಕ ಬೇರೆ ಬೇರೆಯಾದರೂ ಪರಮಾಣುಗಳ ಸಂಖ್ಯೆ ಎಲ್ಲದರಲ್ಲೂ ಒಂದೇ. ಪ್ರತಿ ಬಾಟಲಿಯ ಮೇಲೆ ಒಂದು ಚೀಟಿ: ಮೂಲವಸ್ತು, ತೂಕ, ತಂದವರ ಹೆಸರು. ಆ ಚೀಟಿಯಲ್ಲಿ ಹೆಸರು ಬರುವುದೆಂದರೆ ನಮ್ಮ ಶಾಲೆಯಲ್ಲಿ ಓಟದ ಕಪ್ಪಿಗಿಂತ ದೊಡ್ಡದು. ಎರಡನೇ ಸಾಲಿನ ಕೊನೆಯಲ್ಲಿ ಒಂದು ಜಾಗ ಮಾತ್ರ ವರ್ಷಗಳಿಂದ ಖಾಲಿ ಇತ್ತು. ಅದು ಸೀಸದ್ದು.

ಆ ವರ್ಷ ಸೀಸ ತಂದವಳು ಕಡ್ಡಿ. ಹದಿನಾಲ್ಕರ ಹುಡುಗಿ, ಮಾತೆಲ್ಲ ಕಡ್ಡಿ ತುಂಡು ಮಾಡಿದ ಹಾಗೆ, ಅದಕ್ಕೇ ಆ ಹೆಸರು. ಅವಳ ಅಪ್ಪ ನಲ್ಲಿ ರಿಪೇರಿ ಮಾಡುವವರು. ಯಾವುದೋ ಹಳೆಯ ಕಟ್ಟಡದಲ್ಲಿ ಗೋಡೆ ಒಡೆದು ತೆಗೆದ ಸೀಸದ ಪೈಪಿನ ಒಂದು ಗೇಣಿನಷ್ಟೂ ಇಲ್ಲದ ತುಂಡು ಅವಳ ಚೀಲದಲ್ಲಿತ್ತು. ಮೇಜಿನ ಮೇಲಿಟ್ಟಾಗ ದಡ್ ಅಂದಿತು. ನಾನು ಎತ್ತಿ ನೋಡಿದೆ, ಉಗುರಿನಿಂದ ಗೀರಿದೆ, ಒಳಗೆ ಬೆಳ್ಳಗೆ ಹೊಳೆಯಿತು. ನನ್ನ ಖುಷಿಗೆ ಪಾರವೇ ಇರಲಿಲ್ಲ.

ತಕ್ಕಡಿ 213.6 ತೋರಿಸಿತು. ಸೀಸದ ಪರಮಾಣು ರಾಶಿ 207.2. ಕಡ್ಡಿ ಹಲಗೆಯ ಮೇಲೆ ಲೆಕ್ಕ ಮಾಡಿದಳು, 6.208 × 10²³ ಬಂತು.

"ಸರಿಯಾಗಿದೆ. ಆದರೆ ಆರು ಪಾಯಿಂಟ್ ನಾಲ್ಕು ಗ್ರಾಂ ಹೆಚ್ಚಾಯ್ತಲ್ಲೇ. ಇನ್ನೂರ ಏಳು ಪಾಯಿಂಟ್ ಎರಡು ಇದ್ದಿದ್ರೆ ಇವತ್ತೇ ಅಲಮಾರಿಗೆ ಹೋಗ್ತಿತ್ತು" ಎಂದೆ.

"ಕಮ್ಮಿ ಮಾಡ್ಕೊಂಡು ಬರ್ಲಾ ಮೇಡಂ?"

"ಮಾಡ್ಕೊಂಡು ಬಾ. ಆದರೆ ತೆಗೆದಿದ್ದನ್ನ ಬಿಸಾಡ್ಬೇಡ. ಮುಂಚೆ ಎಷ್ಟಿತ್ತೋ ಆಮೇಲೂ ಅಷ್ಟೇ ಇರ್ಬೇಕು. ತುಂಡು ಪ್ಲಸ್ ಪುಡಿ, ಎರಡರ ಲೆಕ್ಕಾನೂ ಕೊಡ್ಬೇಕು ನಂಗೆ."

ಸೀಸ ವಿಷ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. "ಮುಟ್ಟಿದ ಮೇಲೆ ಕೈ ತೊಳ್ಕೊ" ಎಂದೂ ಹೇಳಿದೆ. ಅಷ್ಟು ಹೇಳಿ ಕೈ ತೊಳೆದುಕೊಂಡವಳು ನಾನೇ. ಅವಳ ಮನೆ ಎಷ್ಟು ದೊಡ್ಡದು, ಅಲ್ಲಿ ಯಾರ್ಯಾರು ಇದ್ದಾರೆ, ಅವಳು ಎಲ್ಲಿ ಕೂತು ಉಜ್ಜುತ್ತಾಳೆ ಎಂದು ಕೇಳುವ ಯೋಚನೆ ನನಗೆ ಬರಲಿಲ್ಲ. ನನ್ನ ಕಣ್ಣೆಲ್ಲ ಆ ಖಾಲಿ ಜಾಗದ ಮೇಲಿತ್ತು.

ಸೋಮವಾರ ಕಡ್ಡಿ ಬಂದಳು. ಪೈಪಿನ ತುಂಡಿನ ಎರಡೂ ಅಂಚುಗಳನ್ನು ಅಪ್ಪನ ಅರದಿಂದ ನುಣ್ಣಗೆ ಉಜ್ಜಿದ್ದಳು. ಬೆರಳ ಸಂದಿಗಳಲ್ಲಿ ಇನ್ನೂ ಬೂದು ಬಣ್ಣ. ತಕ್ಕಡಿಯ ಮೇಲಿಟ್ಟಳು. 207.2. ನಾನು ತುಂಡನ್ನು ತೆಗೆದು ಮತ್ತೆ ಇಟ್ಟೆ. ಅದೇ 207.2.

"ಹೇಗೇ ಮಾಡ್ದೆ ಇದನ್ನ?"

"ನಮ್ಮ ಬೀದಿ ಅಕ್ಕಸಾಲಿಗರ ಹತ್ರ ತೂಗ್ಕೊಂಡು ಬಂದೆ ಮೇಡಂ. ಉಜ್ಜೋದು, ಓಡೋದು, ತೂಗೋದು. ಏಳು ಸಲ ಹೋದೆ. ಎಂಟನೇ ಸಲಕ್ಕೆ ಬಾಗಿಲು ಹಾಕ್ಕೊಂಡ್ರು."

ತರಗತಿ ಗೊಳ್ಳೆಂದಿತು. ಅವಳು ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದಳು, ಅದರಲ್ಲಿ ಅರದ ಪುಡಿ. ನಾನು ಕೇಳಿದ್ದನ್ನು ಮರೆತಿರಲಿಲ್ಲ. ಪುಡಿ ತೂಗಿದೆ. 5.1 ಬಂತು. ಬರಬೇಕಾದದ್ದು 6.4.

ಅಲ್ಲಿಗೆ ಬಿಟ್ಟಿದ್ದರೆ ಅದು ನಾನಾಗುತ್ತಿರಲಿಲ್ಲ. "ಒಂದು ಪಾಯಿಂಟ್ ಮೂರು ಎಲ್ಲಿ ಹೋಯ್ತಮ್ಮ? ಗಾಳಿ ನುಂಗ್ತಾ?" ಎಂದೆ. ಮತ್ತೆ ನಗು. ಕಡ್ಡಿ ಮಾತ್ರ ನಗಲಿಲ್ಲ. ಪೊಟ್ಟಣದ ಮಡಿಕೆಗಳನ್ನು ಬಿಚ್ಚಿ ಬಿಚ್ಚಿ ನೋಡಿದಳು. "ಬಟ್ಟಲಲ್ಲೇ ಇಟ್ಟಿದ್ದೆ ಮೇಡಂ, ಒಂಚೂರೂ ಚೆಲ್ಲಿಲ್ಲ" ಎಂದಳು. ನಾನು ರಿಜಿಸ್ಟರಿನಲ್ಲಿ ಅವಳ ಸಾಲಿನ ಎದುರು ಕೆಂಪು ಶಾಯಿಯಲ್ಲಿ "ಕಾಣೆ: 1.3" ಎಂದು ಬರೆದು ಅರ್ಧ ಅಂಕ ಕಡಿದೆ. ಆಮೇಲೆ ಸೀಸವನ್ನು ಬಾಟಲಿಗೆ ಹಾಕಿ, ಅವಳ ಕೈಯಿಂದಲೇ ಚೀಟಿ ಅಂಟಿಸಿ, ಅಲಮಾರಿನ ಖಾಲಿ ಜಾಗದಲ್ಲಿ ಇಟ್ಟೆವು. ಎಲ್ಲರೂ ಚಪ್ಪಾಳೆ ಹೊಡೆದರು. ಅವಳ ಮುಖ ಅರಳಲಿಲ್ಲ, ನಾನು ಅರ್ಧ ಅಂಕದ ಬೇಜಾರು ಅಂದುಕೊಂಡೆ.

ಬುಧವಾರ ಪಾಠ ಮುಗಿಯುವ ಹೊತ್ತಿಗೆ ಅವಳು ಕೈ ಎತ್ತಿದಳು.

"ಮೇಡಂ, ಆ ಒಂದು ಪಾಯಿಂಟ್ ಮೂರು ಗ್ರಾಂನಲ್ಲಿ ಎಷ್ಟು ಪರಮಾಣು ಇರ್ತಾವೆ?"

ಇಂಥ ಪ್ರಶ್ನೆಗೆ ಕಾದು ಕೂತಿರುತ್ತಿದ್ದವಳು ನಾನು. "ಬಾ, ನೀನೇ ಮಾಡು" ಎಂದು ಸೀಮೆಸುಣ್ಣ ಕೊಟ್ಟೆ. ಅವಳು ಭಾಗಿಸಿದಳು, ಗುಣಿಸಿದಳು. 3.778 × 10²¹ ಎಂದು ಬರೆದಳು.

"ತೂಕ ಎರಡೇ ಅಂಕಿ ಇದೆ, ಉತ್ತರಾನೂ ಎರಡೇ ಅಂಕಿಗೆ ನಿಲ್ಲಿಸ್ಬೇಕು. ಮೂರು ಪಾಯಿಂಟ್ ಎಂಟು ಅಂತ ಬರಿ."

ಅವಳು ಒರೆಸಿ ಬರೆದಳು. ಹಲಗೆಯ ಹತ್ತಿರವೇ ನಿಂತಿದ್ದಳು. "ಇಷ್ಟರಲ್ಲಿ ಎಷ್ಟಾದರೆ ಜಾಸ್ತಿ ಅಂತಾರೆ ಮೇಡಂ?" ಎಂದಳು.

"ಯಾವುದಕ್ಕೆ ಜಾಸ್ತಿ? ಪ್ರಶ್ನೆ ಪೂರ್ತಿ ಕೇಳು."

ಅವಳು ಬಾಯಿ ತೆರೆದಳು. ಗಂಟೆ ಹೊಡೆಯಿತು. ಮಕ್ಕಳು ದಬದಬ ಎದ್ದರು, ನಾನು ಪುಸ್ತಕ ಎತ್ತಿಕೊಂಡು ಮುಂದಿನ ತರಗತಿಗೆ ಹೊರಟೆ. ಬಾಗಿಲ ಹತ್ತಿರ ಹೋಗಿ ಒಮ್ಮೆ ತಿರುಗಿ ನೋಡಿದೆ. ಅವಳು ಹಲಗೆಯ ಮೇಲಿನ ಸಂಖ್ಯೆಯನ್ನೇ ನೋಡುತ್ತಿದ್ದಳು. ಎಷ್ಟು ಆಸಕ್ತಿ ಹುಡುಗಿಗೆ ಎಂದು ನನಗೆ ಹೆಮ್ಮೆಯಾಯಿತು. ಈ ಒಂದು ಹೆಮ್ಮೆ ಈಗಲೂ ನನ್ನನ್ನು ಇರಿಯುತ್ತದೆ.

ಶುಕ್ರವಾರದಿಂದ ಕಡ್ಡಿ ಬರಲಿಲ್ಲ. ಮುಂದಿನ ಗುರುವಾರ ಹಾಜರಿ ಕರೆಯುವಾಗ ಅವಳ ಪಕ್ಕದ ಹುಡುಗಿ ಹೇಳಿದಳು: "ಅವಳ ತಂಗಿ ಪುಟಾಣಿಗೆ ಹುಷಾರಿಲ್ಲ ಮೇಡಂ. ಹೊಟ್ಟೆನೋವು, ವಾಂತಿ. ನಿನ್ನೆ ಫಿಟ್ಸ್ ಬಂತಂತೆ. ದೊಡ್ಡಾಸ್ಪತ್ರೆಗೆ ಸೇರಿಸಿದಾರೆ."

"ಅಯ್ಯೋ ಪಾಪ. ಎಷ್ಟು ವರ್ಷ?"

"ಒಂದೂವರೆ."

ಪಾಪ ಅಂದೆ, ಪಾಠ ಮಾಡಿದೆ. ಊಟದ ಬಿಡುವಿನಲ್ಲಿ ಪ್ರಯೋಗಾಲಯದಲ್ಲಿ ಕೂತು ತಿಂಗಳ ಅಂಕಗಳನ್ನು ರಿಜಿಸ್ಟರಿಗೆ ಏರಿಸುತ್ತಿದ್ದೆ. ಬೆರಳು ಕಡ್ಡಿಯ ಸಾಲಿಗೆ ಬಂತು. ಕೆಂಪು ಶಾಯಿ. ಕಾಣೆ: 1.3. ನನ್ನದೇ ಅಕ್ಷರ.

ಗಾಳಿ ನುಂಗ್ತಾ ಎಂದು ಕೇಳಿದ್ದೆ. ಎಷ್ಟಾದರೆ ಜಾಸ್ತಿ ಎಂದು ಅವಳು ಕೇಳಿದ್ದಳು. ಎರಡೂ ಒಟ್ಟಿಗೆ ತಲೆಗೆ ಹೊಡೆದವು. ರಿಜಿಸ್ಟರನ್ನು ಹಾಗೇ ಕಂಕುಳಲ್ಲಿ ಇಟ್ಟುಕೊಂಡು, ಯಾರಿಗೂ ಹೇಳದೆ ಕೇಳದೆ, ಬೀದಿಗೆ ಬಂದು ಸಿಕ್ಕಿದ ಆಟೋ ಹತ್ತಿದೆ.

ಮಕ್ಕಳ ವಾರ್ಡು ಎರಡನೇ ಮಹಡಿಯಲ್ಲಿತ್ತು. ಉದ್ದನೆಯ ಕೋಣೆ, ಎರಡು ಸಾಲು ಕಬ್ಬಿಣದ ಮಂಚ, ಫಿನಾಯಿಲಿನ ವಾಸನೆ. ಆರನೇ ಮಂಚದಲ್ಲಿ ಮಗು ಕಣ್ಣು ಅರ್ಧ ತೆರೆದು ಮಲಗಿತ್ತು, ಆದರೆ ಏನನ್ನೂ ನೋಡುತ್ತಿರಲಿಲ್ಲ. ತಾಯಿ ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು. ಅವರು ಮನೆಯಲ್ಲೇ ಬಟ್ಟೆ ಹೊಲಿಯುವವರು. ಬಂದ ಹಾಗೇ ಬಂದಿರಬೇಕು, ಸೆರಗಿನಲ್ಲಿ ಇನ್ನೂ ಎರಡು ಗುಂಡುಸೂಜಿ ಚುಚ್ಚಿದ್ದವು. ಅಪ್ಪ ಔಷಧಿ ತರಲು ಕೆಳಗೆ ಹೋಗಿದ್ದರು. ಕಡ್ಡಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ತರಗತಿಯಲ್ಲಿ ನಿಲ್ಲುವ ಹಾಗೆ.

ನಾನು ಅವಳ ಎದುರು ಕುಕ್ಕರುಗಾಲಲ್ಲಿ ಕೂತೆ. "ಪುಡಿ ಇಟ್ಟಿದ್ದ ಬಟ್ಟಲು ಎಲ್ಲಿತ್ತೇ?"

"ನೆಲದ ಮೇಲೆ. ಹೊಲಿಗೆ ಮೆಷಿನ್ ಪಕ್ಕ. ಭಾನುವಾರ ನಾನು ತೂಗಿಸೋಕೆ ಹೋಗಿದ್ದೆ. ಬಂದಾಗ ಪುಟಾಣಿ ಬೆರಳು ಅದ್ದಿ ಅದ್ದಿ ನೆಕ್ತಿದ್ಲು. ತುಟಿಯೆಲ್ಲ ಬೂದಿ ಬಣ್ಣ ಆಗಿತ್ತು. ಒರೆಸಿದೆ ಮೇಡಂ. ನೀರೂ ಕುಡಿಸಿದೆ."

"ಯಾಕೆ ಹೇಳ್ಲಿಲ್ಲ?"

"ಚೂರು ಅಂದ್ಕೊಂಡೆ. ಆಮೇಲೆ ನೀವು ತೂಗಿದ್ರಿ."

ಮಕ್ಕಳ ಡಾಕ್ಟರ್ ಮೂವತ್ತು ದಾಟಿದ ಹೆಂಗಸು, ನಿದ್ದೆಗೆಟ್ಟ ಕಣ್ಣು. ಕರುಳಿನ ಸೋಂಕು, ಜಂತುಹುಳು, ಮೆದುಳು ಜ್ವರ ಎಂದು ಒಂದೊಂದಾಗಿ ಹುಡುಕುತ್ತಿದ್ದರಂತೆ. ನಾನು ರಿಜಿಸ್ಟರ್ ಬಿಚ್ಚಿ ತೋರಿಸಿದೆ. ಸೀಸ, ಅರದ ಪುಡಿ, ಒಂದು ಪಾಯಿಂಟ್ ಮೂರು ಗ್ರಾಂ, ಹನ್ನೊಂದು ದಿನ. ಅವರು ನನ್ನನ್ನು ಒಂದು ಕ್ಷಣ ನೋಡಿದರು, ಮರುಕ್ಷಣ ನರ್ಸನ್ನು ಕರೆದರು. ರಕ್ತ ತೆಗೆದರು, ಮಗುವನ್ನು ಎಕ್ಸ್-ರೇಗೆ ಒಯ್ದರು.

ಅರ್ಧ ಗಂಟೆಯ ಮೇಲೆ ಬೆಳಕಿನ ಹಲಗೆಗೆ ಫಿಲ್ಮ್ ಸಿಕ್ಕಿಸಿ ನಮ್ಮನ್ನೆಲ್ಲ ಕರೆದರು. ಪುಟ್ಟ ಪಕ್ಕೆಲುಬುಗಳು, ಕೆಳಗೆ ಹೊಟ್ಟೆಯ ಬೂದು ನೆರಳು, ಅದರ ತುಂಬ ಬಿಳಿ ಚುಕ್ಕೆಗಳು. ಉಪ್ಪು ಚೆಲ್ಲಿದ ಹಾಗೆ ಕಾಣುತ್ತಿತ್ತು. ತಾಯಿಗೆ ಅರ್ಥವಾಗಲಿಲ್ಲ, "ಏನಮ್ಮ ಅದು?" ಎಂದರು. ಡಾಕ್ಟರ್ ಉತ್ತರ ಹುಡುಕುವಷ್ಟರಲ್ಲಿ ಕಡ್ಡಿ ಮುಂದೆ ಹೋಗಿ, ಮುಖ ಹತ್ತಿರ ತಂದು ನೋಡಿದಳು. ನನ್ನ ಕಡೆ ತಿರುಗಿದಳು.

"ಸಿಕ್ತು ಮೇಡಂ" ಎಂದಳು. "ಒಂದು ಪಾಯಿಂಟ್ ಮೂರು."

ನಾನು ಅವಳನ್ನು ಎಳೆದು ಎದೆಗೆ ಒತ್ತಿಕೊಂಡೆ. ಅವಳು ಅಳಲಿಲ್ಲ, ಕಟ್ಟಿಗೆಯ ಹಾಗೆ ನಿಂತಿದ್ದಳು. ಅವಳ ತಲೆಯ ಮೇಲಿನಿಂದ ತಾಯಿಗೆ ಹೇಳಿದೆ: "ಅಮ್ಮ, ಇವಳದ್ದು ಏನೂ ತಪ್ಪಿಲ್ಲ. ಸೀಸ ಉಜ್ಜು ಅಂದವಳು ನಾನು. ಪುಡಿ ಎತ್ತಿಡು ಅಂದವಳೂ ನಾನೇ." ತಾಯಿ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸೀಸವನ್ನು ರಕ್ತದಿಂದ ಎಳೆದು ತೆಗೆಯುವ ಇಂಜೆಕ್ಷನ್ ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಬೇರೆ ಊರಿನಿಂದ ಬರಬೇಕಿತ್ತು, ಬರಲು ಎರಡು ದಿನ ಹಿಡಿಯಿತು. ಹೊಟ್ಟೆಯಲ್ಲಿ ಉಳಿದದ್ದನ್ನು ತೊಳೆದರು. "ಇಡೀ ತುಂಡು ನುಂಗಿದ್ರೆ ಹಾಗೇ ಆಚೆ ಹೋಗೋ ಸಾಧ್ಯತೆ ಇತ್ತು. ಪುಡಿ ಅಲ್ವಾ, ಬೇಗ ಕರಗಿದೆ" ಎಂದರು ಡಾಕ್ಟರ್. "ಒಂದು ವಾರದ ಹಿಂದೆ ಗೊತ್ತಾಗಿದ್ರೆ..." ಎಂದು ನಿಲ್ಲಿಸಿದರು. ಅವರು ಅಂದಾಜಿಗೆ ಅಂದದ್ದು, ಅದು ಯಾವ ದಿನ ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆ ಬುಧವಾರ, ಪಾಠ ಮುಗಿಯುವ ಗಂಟೆಗೆ ಎರಡು ನಿಮಿಷ ಇದ್ದಾಗ.

ರಕ್ತದ ವರದಿ ಬಂದಾಗ ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ನೂರು ಮಿಲಿಲೀಟರ್ ರಕ್ತಕ್ಕೆ ನೂರ ಎಂಬತ್ತು ಮೈಕ್ರೋಗ್ರಾಂ. ಅಭ್ಯಾಸಬಲ, ಕೈ ತಾನಾಗಿಯೇ ಚೀಟಿಯ ಹಿಂಬದಿಗೆ ಹೋಯಿತು. ಮಗುವಿನ ಮೈಯಲ್ಲಿ ಸುಮಾರು ಏಳುನೂರು ಮಿಲಿಲೀಟರ್ ರಕ್ತ. ಒಟ್ಟು ಸೀಸ 0.00126 ಗ್ರಾಂ. ಭಾಗಿಸು 207.2ರಿಂದ, ಗುಣಿಸು. 3.66 × 10¹⁸. ಮೂವತ್ತಾರು ಸಾವಿರದ ಆರುನೂರು ಕೋಟಿ ಕೋಟಿ. ತೂಗಲು ಹೋದರೆ ನಮ್ಮ ಶಾಲೆಯ ತಕ್ಕಡಿ ಸೊನ್ನೆ ತೋರಿಸುತ್ತಿತ್ತು. ಇಂಥ ಸಂಖ್ಯೆಗಳನ್ನು ಹತ್ತೊಂಬತ್ತು ವರ್ಷ ಹಲಗೆಯ ಮೇಲೆ ಬರೆದು, ನೋಡಿ ಮಕ್ಕಳೇ ಎಷ್ಟು ಚೆಂದ, ಅಂದಿದ್ದೆ. ಅವು ಎಲ್ಲಾದರೂ ಹೋಗಿ ಕೂರುತ್ತವೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಚೀಟಿಯನ್ನು ಹರಿದೆ. ಹರಿದ ಚೂರುಗಳನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಮುಷ್ಟಿಯಲ್ಲೇ ಹಿಡಿದುಕೊಂಡು ಕೂತೆ.

ಇಂಜೆಕ್ಷನ್ ಬಂದ ಮೇಲೆ ಮೂರು ದಿನ ಕೊಟ್ಟರು. ಎರಡನೇ ದಿನ ಮಗು ಅಕ್ಕನ ಬೆರಳು ಹಿಡಿದುಕೊಂಡಿತು, ಎಲ್ಲರಿಗೂ ಜೀವ ಬಂದ ಹಾಗಾಯಿತು. ಅಪ್ಪ ಹೋಗಿ ವಾರ್ಡಿನ ನರ್ಸುಗಳಿಗೆಲ್ಲ ಚಹಾ ತಂದುಕೊಟ್ಟರು. ಅದೇ ಸಂಜೆ ಮತ್ತೆ ಫಿಟ್ಸ್ ಶುರುವಾಯಿತು. ಮಾರನೇ ದಿನ ಬೆಳಿಗ್ಗೆ ಹತ್ತೂವರೆಗೆ, ಕಿಟಕಿಯಿಂದ ಬಿಸಿಲು ಮಂಚದ ಕಾಲಿನ ತನಕ ಬಂದಿದ್ದಾಗ, ಪುಟಾಣಿ ಹೋದಳು. ನಾನು ಆಗ ಶಾಲೆಯಲ್ಲಿದ್ದೆ, ಹತ್ತನೇ ತರಗತಿಗೆ ಆಮ್ಲ ಪ್ರತ್ಯಾಮ್ಲ ಹೇಳುತ್ತಿದ್ದೆ.

ವಾರ ಕಳೆದ ಮೇಲೆ ಅವರ ಮನೆಗೆ ಹೋದೆ. ಹೋಗಲು ಕಾಲು ಬರುತ್ತಿರಲಿಲ್ಲ, ಹೋಗದೆ ಇರಲೂ ಆಗಲಿಲ್ಲ. ಒಂದೇ ಕೋಣೆ, ಪಕ್ಕದಲ್ಲಿ ಅಡುಗೆಗೆ ಒಂದು ಗೂಡು. ಹೊಲಿಗೆ ಮೆಷಿನ್ನಿನ ಪೆಡಲಿನ ಪಕ್ಕ ಒಂದು ಮೊಳ ಜಾಗ ಖಾಲಿ ಇತ್ತು, ಒರೆಸಿ ಒರೆಸಿ ಆ ಜಾಗದ ನೆಲ ಮಾತ್ರ ಬೆಳ್ಳಗಾಗಿತ್ತು. ಅಪ್ಪ ನನ್ನನ್ನು ನೋಡಿ ಎದ್ದು ಹೊರಗೆ ಹೋದರು. ಅದು ನ್ಯಾಯವೇ. ಕಡ್ಡಿ ಮೂಲೆಯಲ್ಲಿ ಮಂಡಿಗೆ ಮುಖ ಕೊಟ್ಟು ಕೂತಿದ್ದಳು, ತಲೆ ಎತ್ತಲಿಲ್ಲ.

"ಊಟ ಮಾಡಲ್ಲ, ಮಾತಾಡಲ್ಲ" ಎಂದರು ತಾಯಿ. "ನಾನೇ ಕೊಂದೆ ಅಂತಾಳೆ. ಬೇರೆ ಮಾತೇ ಇಲ್ಲ."

ನಾನು ಏನೋ ಹೇಳಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ಆ ಸೀಸ ಈಗ ಎಲ್ಲಿದೆ?"

"ಶಾಲೇಲಿ. ಅಲಮಾರಿನಲ್ಲಿ."

"ಅದರ ಮೇಲೆ ಇವಳ ಹೆಸರಿದೆಯಂತೆ."

"ಹೌದಮ್ಮ."

ಮೆಷಿನ್ನಿನ ಮೇಲೆ ಅರ್ಧ ಹೊಲಿದ ತೋಳೊಂದು ನೇತಾಡುತ್ತಿತ್ತು, ಅವರು ಅದನ್ನು ನೇರ ಮಾಡಿದರು.

"ಒಂದು ಮಗು ಹೋಯ್ತು. ಇನ್ನೊಂದು ನಂಗೆ ಬೇಕು. ಆ ಚೀಟಿ ಕಿತ್ತು ನಿಮ್ಮ ಹೆಸರು ಬರೀರಿ. ಬಿಸಾಡ್ಬೇಡಿ. ಎಲ್ಲರಿಗೂ ಕಾಣೋ ಹಾಗೆ ಅಲ್ಲೇ ಇರ್ಲಿ, ಇವಳು ಬಂದು ಓದ್ಲಿ."

ಮಾರನೇ ದಿನ ಬೆಳಿಗ್ಗೆ ಯಾರೂ ಬರುವ ಮೊದಲೇ ಹೋಗಿ ಬಾಟಲಿಯನ್ನು ಕೆಳಗಿಳಿಸಿದೆ. ಚೀಟಿ ಗಟ್ಟಿಯಾಗಿ ಅಂಟಿತ್ತು, ಒದ್ದೆ ಬಟ್ಟೆಯಲ್ಲಿ ನೆನೆಸಿ ಉಗುರಿನಿಂದ ಕೆರೆದೆ. ಹೊಸ ಚೀಟಿಯಲ್ಲಿ ಸೀಸ ಎಂದು ಬರೆದೆ, 207.2 ಎಂದು ಬರೆದೆ, ಅದರ ಕೆಳಗೆ ನನ್ನ ಪೂರ್ತಿ ಹೆಸರು ಬರೆದೆ. ಮುಖ್ಯೋಪಾಧ್ಯಾಯರಿಗೆ ನಡೆದದ್ದನ್ನೆಲ್ಲ ಬರೆದುಕೊಟ್ಟೆ. ವಿಚಾರಣೆ ನಡೆಯಿತು, ಒಂದು ವರ್ಷದ ಬಡ್ತಿ ತಡೆದರು, ಎಚ್ಚರಿಕೆಯ ಪತ್ರ ಕೊಟ್ಟರು. ಅದು ಏನೂ ಅಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಕಡ್ಡಿ ತಿಂಗಳ ಮೇಲೆ ಶಾಲೆಗೆ ಬಂದಳು. ತಾಯಿ ಗೇಟಿನ ತನಕ ಬಂದು ಬಿಟ್ಟುಹೋದರು. ಅವಳು ಯಾರೊಂದಿಗೂ ಮಾತಾಡದೆ ನೆಟ್ಟಗೆ ಪ್ರಯೋಗಾಲಯಕ್ಕೆ ಬಂದಳು, ಅಲಮಾರಿನ ಎದುರು ನಿಂತಳು. ನಾನು ತಕ್ಕಡಿ ಒರೆಸುತ್ತಿದ್ದೆ, ಒರೆಸುತ್ತಲೇ ಇದ್ದೆ. ಅವಳು ಚೀಟಿ ಓದಿದಳು.

"ಇದನ್ನ ತಂದಿದ್ದು ನಾನು" ಎಂದಳು.

"ತಂದಿದ್ದು ನೀನು. ತೂಕ ಹೆಚ್ಚಾಯ್ತು, ಕಮ್ಮಿ ಮಾಡ್ಕೊಂಡು ಬಾ ಅಂದಿದ್ದು ನಾನು. ನೀನು ಪ್ರಶ್ನೆ ಕೇಳಿದಾಗ ಗಂಟೆ ಹೊಡೀತು ಅಂತ ಎದ್ದು ಹೋಗಿದ್ದೂ ನಾನು."

ಅವಳು ಗಾಜಿನ ಮೇಲೆ ಅಂಗೈ ಇಟ್ಟಳು. ಆಗ ಅತ್ತಳು. ಆಸ್ಪತ್ರೆಯಲ್ಲಿ ಅಳದೆ ಉಳಿಸಿದ್ದನ್ನೆಲ್ಲ ಅತ್ತಳು. ನಾನು ಬಾಗಿಲು ಮುಂದೆ ಮಾಡಿ ಬಂದು ಅವಳ ಪಕ್ಕ ನಿಂತೆ. ಗಂಟೆ ಹೊಡೆಯಿತು, ನಾನು ಹೋಗಲಿಲ್ಲ.

ವರ್ಷದ ಕೊನೆಯ ಪರೀಕ್ಷೆಯಲ್ಲಿ ಗ್ರಾಮಿನಿಂದ ಪರಮಾಣುಗಳ ಸಂಖ್ಯೆ ತೆಗೆಯುವ ಲೆಕ್ಕ ಇತ್ತು. ಕಡ್ಡಿ ಉಳಿದದ್ದೆಲ್ಲ ಬರೆದು ಆ ಜಾಗ ಖಾಲಿ ಬಿಟ್ಟಿದ್ದಳು. ನಾನು ಮೂರಕ್ಕೆ ಮೂರು ಹಾಕಿದೆ. ಈಗ ಅವಳು ಬೇರೆ ಶಾಲೆಯಲ್ಲಿ ಓದುತ್ತಿದ್ದಾಳೆ, ಊಟ ಮಾಡುತ್ತಾಳಂತೆ, ಮಾತು ಮಾತ್ರ ಕಡಿಮೆಯಂತೆ.

ಮೋಲ್ ಪಾಠಕ್ಕೆ ಈಗ ಯಾರೂ ಮನೆಯಿಂದ ಏನೂ ತರುವುದಿಲ್ಲ. ಆದರೆ ಪ್ರತಿ ವರ್ಷ ಯಾವುದಾದರೂ ಒಂದು ಮಗು ಅಲಮಾರಿನ ಎರಡನೇ ಸಾಲಿನ ಕೊನೆಗೆ ಬಂದು ನಿಂತುಬಿಡುತ್ತದೆ. "ಎಲ್ಲದರ ಮೇಲೂ ಮಕ್ಕಳ ಹೆಸರಿದೆ. ಇದರ ಮೇಲೆ ಮಾತ್ರ ಯಾಕೆ ನಿಮ್ಮ ಹೆಸರು ಮೇಡಂ?" ಎಂದು ಕೇಳುತ್ತದೆ. ನಾನು ಸೀಮೆಸುಣ್ಣ ಕೆಳಗಿಡುತ್ತೇನೆ, ಎಲ್ಲರನ್ನೂ ಕೂರಿಸುತ್ತೇನೆ, ಮೊದಲಿನಿಂದ ಹೇಳುತ್ತೇನೆ.